ಕಡಲು ದಾಟಿದ ಕೊಡಗಿನ ಮಗು

ಕೊಡಗು ಕಡಲಿಲ್ಲದ ನಾಡು. ಅದರ ಕೊನೆಯ ಅರಸ ಚಿಕ್ಕವೀರರಾಜೇಂದ್ರ 1852ರಲ್ಲಿ ಮಗಳು ಗೌರಮ್ಮನನ್ನು ಕರೆದುಕೊಂಡು ಹಡಗು ಹತ್ತಿ ಇಂಗ್ಲೆಂಡಿಗೆ ಹೋದ. ಮಗಳಿಗೆ ಆಗ ಇನ್ನೂ 11 ತುಂಬಿರಲಿಲ್ಲ. ಪದಚ್ಯುತನಾಗಿ ಕಾಶಿಯಲ್ಲಿ 18 ವರ್ಷಗಳ ಹತ್ತಿರಹತ್ತಿರ ಕಳೆದಿದ್ದ ತಂದೆಗೆ ಸರ್ಕಾರ ಕೊಟ್ಟದ್ದು ಒಂದು ವರ್ಷದ ಅನುಮತಿ. ತಂದೆಯಾಗಲಿ ಮಗಳಾಗಲಿ ಭಾರತಕ್ಕೆ ಮರಳಲಿಲ್ಲ. ಭಾರತದ ಅರಸುಮನೆತನವೊಂದರ ದೊರೆ ಇಂಗ್ಲೆಂಡಿನ ನೆಲದಲ್ಲಿ ಕಾಲಿಟ್ಟದ್ದು ಅದೇ ಮೊದಲು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಆ ಮಾತಿಗೆ ಸಿಕ್ಕಿರುವ ಪ್ರಚಾರ, ಜೊತೆಯಲ್ಲಿದ್ದ ಹುಡುಗಿಗೆ ಏನಾಯಿತು ಎಂಬ ಪ್ರಶ್ನೆಗೆ ಬಹುಕಾಲ ಸಿಗಲಿಲ್ಲ.

ಬೆಟ್ಟದ ನಾಡಾದರೂ ಕೊಡಗಿಗೂ ಕಡಲಿಗೂ ನಂಟು ಹಳೆಯದು. ಆಕಾಶ ತಿಳಿಯಾಗಿದ್ದರೆ ತಡಿಯಂಡಮೋಳ್ ಶಿಖರದಿಂದ ಪಶ್ಚಿಮದಲ್ಲಿ ಅರಬ್ಬಿ ಸಮುದ್ರದ ಗೆರೆ ಕಾಣುತ್ತದೆ. ಉಪ್ಪು ಮತ್ತು ಒಣಮೀನು ಕರಾವಳಿಯಿಂದ ಘಟ್ಟ ಹತ್ತಿ ಬರಬೇಕಿತ್ತು. ಅಕ್ಕಿ, ಏಲಕ್ಕಿ, ಮೆಣಸು ಎತ್ತಿನ ಬೆನ್ನೇರಿ ಕಣ್ಣೂರು, ತಲಶ್ಶೇರಿಗಳ ಕಡೆಗೆ ಇಳಿಯುತ್ತಿದ್ದವು. ಹೆಗ್ಗಳ ಘಾಟಿಯಂಥ ಕೆಲವೇ ಕಣಿವೆದಾರಿಗಳಲ್ಲಿ ಈ ವಹಿವಾಟು ನಡೆಯುತ್ತಿತ್ತು, ದಾರಿಗಳ ಬಾಯಲ್ಲಿ ಅರಸರ ಉಕ್ಕಡಗಳು ಕಾವಲಿದ್ದವು. ಹಾಲೇರಿ ವಂಶದ ಅರಸರು 1681ರಲ್ಲಿ ಮಡಿಕೇರಿಯನ್ನು ರಾಜಧಾನಿ ಮಾಡಿಕೊಂಡ ಮೇಲೂ ಕಡಲ ತೀರದಲ್ಲಿ ಯಾರ ಕೈ ಮೇಲಾಗಿದೆ ಎಂಬುದರ ಮೇಲೆ ಸದಾ ಕಣ್ಣಿಟ್ಟಿರುತ್ತಿದ್ದರು. ಅಮರಸುಳ್ಯ, ಪುತ್ತೂರು ಸೀಮೆಗಳು ಕೊಡಗಿಗೆ ಸೇರಿದ್ದ ಕಾಲದಲ್ಲಂತೂ ರಾಜ್ಯದ ಗಡಿ ಘಟ್ಟದ ಕೆಳಗೆ ತೆಂಗು ಅಡಿಕೆಯ ತೋಟಗಳವರೆಗೂ ಚಾಚಿತ್ತು.

ಕಡಲ ಮೇಲೆ ಬಂದ ಇಂಗ್ಲಿಷರನ್ನು ಕೊಡಗಿಗೆ ಕರೆತಂದವನು ಚಿಕ್ಕವೀರರಾಜೇಂದ್ರನ ದೊಡ್ಡಪ್ಪ ದೊಡ್ಡವೀರರಾಜೇಂದ್ರ. ಟಿಪ್ಪು ಸುಲ್ತಾನ ಅವನನ್ನು ಪಿರಿಯಾಪಟ್ಟಣದಲ್ಲಿ ಸೆರೆಯಿಟ್ಟಿದ್ದ. 1788ರ ಡಿಸೆಂಬರಿನಲ್ಲಿ ಅಲ್ಲಿಂದ ತಪ್ಪಿಸಿಕೊಂಡ ಅರಸ, ನಾಡನ್ನು ಮರಳಿ ಹಿಡಿದು, 1790ರಲ್ಲಿ ತಲಶ್ಶೇರಿಯ ಈಸ್ಟ್ ಇಂಡಿಯಾ ಕಂಪನಿಯ ಮುಖ್ಯಸ್ಥ ರಾಬರ್ಟ್ ಟೇಲರನ ಜೊತೆ ಒಪ್ಪಂದ ಮಾಡಿಕೊಂಡ. ಮರುವರ್ಷ ಜನರಲ್ ಅಬರ್‌ಕ್ರಾಂಬಿಯ ಬೊಂಬಾಯಿ ಸೈನ್ಯ ಕರಾವಳಿಯಿಂದ ಘಟ್ಟ ಹತ್ತಿ ಶ್ರೀರಂಗಪಟ್ಟಣದ ಕಡೆಗೆ ಹೊರಟಾಗ ಅದಕ್ಕೆ ದಾರಿ, ಅಕ್ಕಿ, ದನ, ಆಳು ಎಲ್ಲವೂ ಕೊಡಗಿನಿಂದಲೇ ಒದಗಿದವು. ಅರಸನೂ ಅಬರ್‌ಕ್ರಾಂಬಿಯೂ ಭೇಟಿಯಾದ ನೆನಪಿಗೆ 1792ರಲ್ಲಿ ಕಟ್ಟಿಸಿದ ಊರೇ ವಿರಾಜಪೇಟೆ. ಕಂಪನಿಗೆ ವರ್ಷಕ್ಕೆ 24,000 ರೂಪಾಯಿ ಕೊಡಬೇಕೆಂದು ಮೊದಲು ಗೊತ್ತಾಗಿತ್ತು. ಟಿಪ್ಪುವಿನ ಪತನದ ನಂತರ ಅದನ್ನು ಬಿಟ್ಟು, ವರ್ಷಕ್ಕೊಂದು ಆನೆ ಕಳಿಸಿದರೆ ಸಾಕು ಎಂದಾಯಿತು. ಕಂಪನಿಯ ಮೇಲಿನ ನಂಬಿಕೆ ಎಷ್ಟಿತ್ತೆಂದರೆ, ಅರಸ ತನ್ನ ಹಣವನ್ನು ಅದರ ಸಾಲಪತ್ರಗಳಲ್ಲಿ ಹೂಡಿದ. ಮುಂದೆ ಅವನ ತಮ್ಮನ ಮಗ ಕಡಲು ದಾಟಿದ್ದು ಇದೇ ಹಣದ ಬೆನ್ನು ಹಿಡಿದು.

ದೊಡ್ಡವೀರರಾಜೇಂದ್ರನಿಗೆ ಗಂಡುಮಕ್ಕಳಿರಲಿಲ್ಲ. ಎಳೆಯ ಮಗಳು ದೇವಮ್ಮಾಜಿಯೇ ತನ್ನ ನಂತರ ಪಟ್ಟಕ್ಕೆ ಬರಬೇಕೆಂಬುದು ಅವನ ಹಂಬಲ. ಅದಕ್ಕಾಗಿಯೇ ಕನ್ನಡದಲ್ಲಿ ‘ರಾಜೇಂದ್ರನಾಮೆ’ ಎಂಬ ವಂಶಚರಿತ್ರೆಯನ್ನು ಬರೆಸಿ, ಕಂಪನಿಯ ಗವರ್ನರ್ ಜನರಲನ ಬೆಂಬಲವನ್ನೂ ಕೋರಿದ. 1809ರಲ್ಲಿ ಅವನು ಸತ್ತಾಗ ಹುಡುಗಿಗೆ ಪಟ್ಟವಾಯಿತು. ಎರಡೇ ವರ್ಷಗಳಲ್ಲಿ ಚಿಕ್ಕಪ್ಪ ಲಿಂಗರಾಜೇಂದ್ರ ಅವಳನ್ನು ಬದಿಗೆ ಸರಿಸಿ 1811ರಲ್ಲಿ ತಾನೇ ಅರಸನಾದ. ಕಾಪಾಡುವೆನೆಂದಿದ್ದ ಕಂಪನಿ ಸುಮ್ಮನಿತ್ತು. ಹಾಲೇರಿ ಮನೆತನದ ಕೊನೆಯ ಐವತ್ತು ವರ್ಷಗಳಲ್ಲಿ ದೊಡ್ಡವರ ಲೆಕ್ಕಾಚಾರಕ್ಕೆ ಸಿಕ್ಕ ಮಕ್ಕಳಲ್ಲಿ ಈಕೆ ಮೊದಲಿಗಳು, ಗೌರಮ್ಮ ಕೊನೆಯವಳು.

ಲಿಂಗರಾಜೇಂದ್ರನ ಮಗ ಚಿಕ್ಕವೀರರಾಜೇಂದ್ರ 1820ರಲ್ಲಿ ಪಟ್ಟಕ್ಕೆ ಬಂದ. ಅವನ ಆಳ್ವಿಕೆಯ ಕ್ರೌರ್ಯದ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ಬಹುಪಾಲು ಅವನನ್ನು ಇಳಿಸಿದವರ ಬರವಣಿಗೆಯಿಂದ ಮತ್ತು 1855ರಲ್ಲಿ ‘ಕೂರ್ಗ್ ಮೆಮೊಯರ್ಸ್’ ಬರೆದ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗನಿಂದ ಬಂದದ್ದು ಎಂಬುದನ್ನು ಮರೆಯಬಾರದು. ಹಾಗೆಂದು ಅದೆಲ್ಲ ಕಟ್ಟುಕಥೆ ಎನ್ನುವಂತೆಯೂ ಇಲ್ಲ. 1832ರಲ್ಲಿ ಅವನ ತಂಗಿ, ಇನ್ನೊಬ್ಬ ದೇವಮ್ಮಾಜಿ, ಆಕೆಯ ಗಂಡ ಚನ್ನಬಸವಪ್ಪ ಇಬ್ಬರೂ ಪ್ರಾಣಭಯದಿಂದ ಮೈಸೂರು ಸೀಮೆಗೆ ಓಡಿಹೋಗಿ ಬ್ರಿಟಿಷರ ಆಶ್ರಯ ಬೇಡಿದರು. ಅವರ ಹಸುಗೂಸು ಹಿಂದೆಯೇ ಉಳಿದುಬಿಟ್ಟಿತು. ಅದನ್ನು ರಾಜ ಕೊಲ್ಲಿಸಿದನೆಂದು ಮೋಗ್ಲಿಂಗ್ ಬರೆದಿದ್ದಾನೆ. ಓಡಿಹೋದವರನ್ನು ಒಪ್ಪಿಸಿರೆಂದು ರಾಜ, ಒಪ್ಪಿಸುವುದಿಲ್ಲವೆಂದು ಕಂಪನಿ, ಹೀಗೆ ಬೆಳೆದ ಜಗಳ 1834ರ ಏಪ್ರಿಲಿನಲ್ಲಿ ಯುದ್ಧಕ್ಕೆ ತಿರುಗಿತು. ಕರ್ನಲ್ ಲಿಂಡ್ಸೆಯ ನೇತೃತ್ವದಲ್ಲಿ ಕಂಪನಿಯ ಸೈನ್ಯ ಹಲವು ದಿಕ್ಕುಗಳಿಂದ ಒಮ್ಮೆಗೇ ಕೊಡಗನ್ನು ಹೊಕ್ಕಿತು. ಉತ್ತರದ ತುಕಡಿಗೆ ಕೊಡಗಿನವರು ಒಳ್ಳೆಯ ಪೆಟ್ಟನ್ನೇ ಕೊಟ್ಟರು. ಆದರೂ ಪೂರ್ವದಿಂದ ಬಂದ ದಂಡು ಏಪ್ರಿಲ್ 6ರಂದು ಮಡಿಕೇರಿ ಕೋಟೆಯನ್ನು ಹಿಡಿಯಿತು. ನಾಲ್ಕುನಾಡು ಅರಮನೆಯಲ್ಲಿದ್ದ ರಾಜ ನಾಲ್ಕು ದಿನಗಳ ನಂತರ ಬಂದು ಶರಣಾದ.

ಕಂಪನಿಯ ಕರ್ನಲ್ ಫ್ರೇಸರ್ 1834ರ ಮೇ 7ರಂದು ಕೊಡಗನ್ನು ಕಂಪನಿಯ ರಾಜ್ಯಕ್ಕೆ ಸೇರಿಸಿದ ಘೋಷಣೆ ಹೊರಡಿಸಿದ. ನಾಡಿನವರೆಲ್ಲರ ಒಮ್ಮತದ ಬಯಕೆಯಂತೆ ಹೀಗೆ ಮಾಡಲಾಗಿದೆ ಎಂದು ಅದರಲ್ಲಿ ಹೇಳಿತ್ತು. ಮೂರೇ ವರ್ಷಗಳಲ್ಲಿ, 1837ರ ಏಪ್ರಿಲಿನಲ್ಲಿ, ಅಮರಸುಳ್ಯದಿಂದ ಎದ್ದ ರೈತರ ದಂಡು ಮಂಗಳೂರನ್ನೇ ಕೆಲವು ದಿನ ಹಿಡಿದಿಟ್ಟುಕೊಂಡದ್ದನ್ನು ನೋಡಿದರೆ ಆ ಒಮ್ಮತದ ಆಳ ಎಷ್ಟೆಂಬುದು ತಿಳಿಯುತ್ತದೆ. ಘೋಷಣೆ ಹೊರಡುವ ಮುನ್ನವೇ, ಏಪ್ರಿಲ್ ಮುಗಿಯುವುದರೊಳಗೆ, ರಾಜನನ್ನು ರಾಣಿಯರು ಮತ್ತು ಪರಿವಾರದ ಸಮೇತ ಮಡಿಕೇರಿಯಿಂದ ಹೊರಡಿಸಿದ್ದರು. ಬೆಂಗಳೂರು, ವೆಲ್ಲೂರು ದಾಟಿ ಆ ಗುಂಪು ಕೊನೆಗೆ ತಲುಪಿದ್ದು ಕಾಶಿಗೆ. ಸಾಲಪತ್ರಗಳನ್ನು ಕಂಪನಿ ತನ್ನ ವಶಕ್ಕೆ ತೆಗೆದುಕೊಂಡಿತು, ಬಡ್ಡಿ ನಿಂತುಹೋಯಿತು.

ಕಾಶಿಯಲ್ಲಿ ರಾಜನಿಗೆ ಪಿಂಚಣಿಯಿತ್ತು, ಮನೆತುಂಬ ಜನರಿದ್ದರು, ಕಾವಲೂ ಇತ್ತು. ಗೌರಮ್ಮ ಹುಟ್ಟಿದ್ದು ಅಲ್ಲಿಯೇ, 1841ರ ಜುಲೈ ತಿಂಗಳಲ್ಲಿ. ಹೆತ್ತ ತಾಯಿ ಬಹುಬೇಗ ತೀರಿಕೊಂಡದ್ದರಿಂದ ಮಗು ತಂದೆಯ ಕಣ್ಣೆದುರೇ ಬೆಳೆಯಿತು. ಮಕ್ಕಳಲ್ಲೆಲ್ಲ ಅವನಿಗೆ ಈಕೆಯ ಮೇಲೆ ಹೆಚ್ಚು ಮಮತೆಯೆಂದು ಕಂಡವರು ಬರೆದಿದ್ದಾರೆ. ಕೊಡಗಿನ ರಾಜಕುಮಾರಿ ಎಂದು ಜಗತ್ತು ಕರೆದ ಈ ಹುಡುಗಿ ಕೊಡಗಿನ ಮಣ್ಣನ್ನು ಮೆಟ್ಟಲೇ ಇಲ್ಲ. ಕಾವೇರಿಯ ತಲೆ, ತಂದೆ ಅಡಗಿ ಕೂತಿದ್ದ ನಾಲ್ಕುನಾಡಿನ ಅರಮನೆ, ಇವು ಅವಳ ಪಾಲಿಗೆ ಮನೆಯ ಹಿರಿಯರು ಆಡುವ ಮಾತುಗಳಷ್ಟೇ ಆಗಿದ್ದಿರಬೇಕು.

ಹೆಣ್ಣುಮಕ್ಕಳ ಮೂಲಕ ಮನೆತನದ ಭಾಗ್ಯ ತಿದ್ದುವ ಯತ್ನ ಗೌರಮ್ಮನಿಗಿಂತ ಮೊದಲೇ ನಡೆದಿತ್ತು. ನೇಪಾಳದ ಪ್ರಧಾನಿ ಜಂಗ್ ಬಹಾದ್ದೂರ್ ರಾಣಾ 1850ರಲ್ಲಿ ಇಂಗ್ಲೆಂಡಿಗೆ ಹೋಗಿ, ರಾಣಿ ವಿಕ್ಟೋರಿಯಾಳನ್ನು ಕಂಡು, ಹಿಂದಿರುಗುವ ಹಾದಿಯಲ್ಲಿ ಕಾಶಿಯಲ್ಲಿ ತಂಗಿದಾಗ ಚಿಕ್ಕವೀರರಾಜೇಂದ್ರನ ಒಬ್ಬ ಮಗಳನ್ನು ಮದುವೆಯಾದ. ಅವನ ಜೊತೆ ಪಯಣಿಸುತ್ತಿದ್ದ ಲಾರೆನ್ಸ್ ಆಲಿಫಂಟ್ ಎಂಬ ಇಂಗ್ಲಿಷ್ ಲೇಖಕ ಈ ಮದುವೆಯನ್ನು ತನ್ನ ಪ್ರವಾಸಕಥನದಲ್ಲಿ ದಾಖಲಿಸಿದ್ದಾನೆ. ಕಡಲು ದಾಟಿ ಬಂದ, ಇಂಗ್ಲೆಂಡಿನ ರಾಣಿಯ ಆಸ್ಥಾನವನ್ನು ಕಣ್ಣಾರೆ ಕಂಡ ಅಳಿಯ ಮನೆಯಲ್ಲಿದ್ದ ಮೇಲೆ ಮಾವನಿಗೆ ಆ ದಾರಿಯ ಕನಸು ಬಿದ್ದದ್ದು ಸಹಜವೇ.

ಆ ಕಾಲದ ಮೇಲುಜಾತಿಯ ಹಿಂದೂಗಳಿಗೆ ಸಮುದ್ರಯಾನ ಸಣ್ಣ ಸಂಗತಿಯಲ್ಲ. ಕಡಲು ದಾಟಿದರೆ ಜಾತಿ ಕೆಡುತ್ತದೆಂಬ ಭಯ ಬಲವಾಗಿತ್ತು. 1830ರಲ್ಲಿ ಹೊರಟ ರಾಜಾ ರಾಮಮೋಹನ ರಾಯ್ ಇಂಗ್ಲೆಂಡಿನಲ್ಲೇ ತೀರಿಕೊಂಡರು. ಜಂಗ್ ಬಹಾದ್ದೂರ್ ತನ್ನದೇ ಅಡಿಗೆಯವರನ್ನು ಹಡಗಿನಲ್ಲಿ ಒಯ್ದಿದ್ದ. ಐವತ್ತು ವರ್ಷಗಳ ನಂತರವೂ, 1902ರಲ್ಲಿ, ಜೈಪುರದ ಮಹಾರಾಜ ಮಾಧೋಸಿಂಗ್ ಆಳೆತ್ತರದ ಬೆಳ್ಳಿಯ ಕೊಡಗಳಲ್ಲಿ ಗಂಗಾಜಲ ತುಂಬಿಸಿಕೊಂಡೇ ಲಂಡನ್ನಿಗೆ ಹೊರಟದ್ದು. ಇಂಥ ಹೊತ್ತಿನಲ್ಲಿ ವೀರಶೈವ ಮನೆತನದ ಅರಸನೊಬ್ಬ ತಾನು ಹೋಗುವುದಲ್ಲದೆ ಮಗಳನ್ನೂ ಕರೆದೊಯ್ಯಲು ನಿಂತದ್ದು ಅಸಾಧಾರಣ ನಿರ್ಧಾರ.

ಅದರ ಹಿಂದೆ ಎರಡು ಉದ್ದೇಶಗಳಿದ್ದವು. ಗವರ್ನರ್ ಜನರಲ್ ಡಾಲ್‌ಹೌಸಿಯ ಮುಂದೆ ರಾಜ ಇಟ್ಟದ್ದು ಒಂದನ್ನೇ: ಮಗಳನ್ನು ಕ್ರೈಸ್ತಳನ್ನಾಗಿ ಮಾಡಿ, ಇಂಗ್ಲಿಷ್ ವಿದ್ಯೆ ಕಲಿಸಿ, ರಾಣಿ ವಿಕ್ಟೋರಿಯಾಳ ಆಶ್ರಯದಲ್ಲಿ ಬೆಳೆಸಬೇಕು. ಕಂಪನಿಯಿಂದ ಸಾಲಪತ್ರಗಳ ಹಣ ವಸೂಲು ಮಾಡಬೇಕೆಂಬ ಎರಡನೆಯದು ಲಂಡನ್ ತಲುಪಿದ ಮೇಲೆ ಹೊರಬಿತ್ತು. ಹಣ ಕೇಳಲು ಹೋಗುತ್ತೇನೆಂದಿದ್ದರೆ ಅನುಮತಿ ಸಿಗುತ್ತಿರಲಿಲ್ಲ. ರಾಜಕುಮಾರಿಯೊಬ್ಬಳು ಕ್ರೈಸ್ತಧರ್ಮಕ್ಕೆ ಬರುತ್ತಾಳೆಂದಾಗ ಬೇಡವೆನ್ನುವುದು ಕಂಪನಿಗೆ ಕಷ್ಟವಿತ್ತು. ತಂದೆಗೆ ಮಗಳ ಮೇಲೆ ಪ್ರೀತಿಯಿರಲಿಲ್ಲವೆಂದು ಇದರಿಂದ ಹೇಳಲಾಗದು. ಕ್ರೈಸ್ತಳಾಗಿ ರಾಣಿಯ ಮಡಿಲು ಸೇರಿದರೆ ಅವಳ ಬಾಳು ಕಾಶಿಯ ಸೆರೆಮನೆಯಂಥ ಅರಮನೆಗಿಂತ ಹಸನಾದೀತೆಂದು ಅವನು ನಿಜವಾಗಿಯೂ ನಂಬಿದ್ದಿರಬಹುದು. ಆದರೆ ಅವಳ ಭವಿಷ್ಯ ಅವನ ಪ್ರಯಾಣದ ರಹದಾರಿಯಾಯಿತು ಎಂಬುದು ಅಷ್ಟೇ ನಿಜ.

1852ರಲ್ಲಿ ಸೂಯೆಜ್ ಕಾಲುವೆ ಇರಲಿಲ್ಲ; ಅದು ತೆರೆದದ್ದು 1869ರಲ್ಲಿ. ಬಂಗಾಳದಿಂದ ಇಂಗ್ಲೆಂಡಿಗೆ ಹೋಗುವವರ ಮುಂದೆ ಎರಡು ದಾರಿಗಳಿದ್ದವು. ಆಫ್ರಿಕದ ಗುಡ್‌ಹೋಪ್ ಭೂಶಿರವನ್ನು ಸುತ್ತಿ ಹೋಗುವ ಹಾಯಿಹಡಗಿನ ದಾರಿ ಹಳೆಯದು, ತಿಂಗಳುಗಟ್ಟಲೆ ಹಿಡಿಯುವಂಥದು. ಹೊಸದು ಉಗಿಹಡಗಿನದು. ಪಿ ಅಂಡ್ ಓ ಕಂಪನಿ 1842ರಿಂದ ಕಲ್ಕತ್ತಾ ಮತ್ತು ಸೂಯೆಜ್ ನಡುವೆ ಹಡಗು ಓಡಿಸುತ್ತಿತ್ತು. ಕಲ್ಕತ್ತಾದಿಂದ ಹೂಗ್ಲಿ ನದಿಯಲ್ಲಿ ಇಳಿದು, ಮದರಾಸಿನಲ್ಲಿ ನಿಂತು, ಸಿಂಹಳದ ದಕ್ಷಿಣ ತುದಿಯ ಗಾಲೆ ಬಂದರಿನಲ್ಲಿ ಕಲ್ಲಿದ್ದಲು ತುಂಬಿಸಿಕೊಂಡು, ಅಲ್ಲಿಂದ ಏಡನ್ನಿಗೆ, ಏಡನ್ನಿನಿಂದ ಕೆಂಪು ಸಮುದ್ರದ ಮೂಲಕ ಸೂಯೆಜಿಗೆ. ಉಗಿಹಡಗಾದರೂ ಅದರಲ್ಲಿ ಹಾಯಿಗಳೂ ಇದ್ದವು. ಗಾಳಿ ಒದಗಿದಾಗ ಅವನ್ನು ಬಿಚ್ಚಿ ಕಲ್ಲಿದ್ದಲು ಉಳಿಸುತ್ತಿದ್ದರು.

ಗಾಲೆಗೂ ಏಡನ್ನಿಗೂ ನಡುವೆ ಈ ದಾರಿ ಹವಳದ ದ್ವೀಪಗಳ ಸಾಲನ್ನು ಅಡ್ಡ ಹಾಯುತ್ತದೆ. ತೆಂಕಲಿಗೆ ಮಾಲ್ಡೀವ್ಸ್, ಬಡಗಲಿಗೆ ಮಿನಿಕಾಯ್. ನಡುವೆ ಇರುವುದು ಎಂಟು ಡಿಗ್ರಿ ಕಾಲುವೆ ಎಂದು ನಾವಿಕರು ಕರೆಯುವ ತೆರೆದ ನೀರು. ಮಿನಿಕಾಯ್ ದ್ವೀಪ ಕಡಲ ಮಟ್ಟದಿಂದ ಬಹಳ ಎತ್ತರವೇನಿಲ್ಲ. ದೂರದಿಂದ ಕಾಣುವುದು ನೀರಿನ ಮೇಲೆ ನಿಂತಂತಿರುವ ತೆಂಗಿನ ತಲೆಗಳು ಮಾತ್ರ, ಹತ್ತಿರ ಬಂದರೆ ದಂಡೆಯ ಸುತ್ತ ತಿಳಿಹಸುರು ನೀರು, ಅದರಾಚೆ ಅಲೆ ಒಡೆಯುವ ಹವಳದ ಬಿಳಿ ಅಂಚು. ಆಗ ಅಲ್ಲಿ ದೀಪಸ್ತಂಭ ಇರಲಿಲ್ಲ, 1885ರಲ್ಲಿ ಕಟ್ಟಿದರು. ಅದಕ್ಕೆ ಮುಂಚೆ, 1862ರಲ್ಲಿ, ಪಿ ಅಂಡ್ ಓ ಕಂಪನಿಯ ‘ಕೊಲಂಬೊ’ ಎಂಬ ಉಗಿಹಡಗು ಇದೇ ದಂಡೆಗೆ ಬಡಿದು ಮುರಿದುಹೋಯಿತು.

ಮಿನಿಕಾಯಿಯ ಉತ್ತರಕ್ಕಿರುವ ಲಕ್ಷದ್ವೀಪದ ಗುಂಪಿನಲ್ಲಿ ಅಮಿನಿ, ಕಡ್ಮತ್, ಕಿಲ್ತಾನ್, ಚೆತ್ಲತ್, ಬಿತ್ರ ಎಂಬ ಅಮೀನದಿವಿ ದ್ವೀಪಗಳು ಕೆನರಾ ಜಿಲ್ಲೆಗೆ ಸೇರಿದ್ದವು ಎಂಬುದು ಈಗ ಹೆಚ್ಚು ಮಂದಿಗೆ ನೆನಪಿಲ್ಲ. 1780ರ ದಶಕದಲ್ಲಿ ಕಣ್ಣೂರಿನ ಅಲಿರಾಜರ ಕೈತಪ್ಪಿ ಟಿಪ್ಪುವಿನ ಆಡಳಿತಕ್ಕೆ ಬಂದ ಈ ದ್ವೀಪಗಳನ್ನು 1799ರ ನಂತರ ಕಂಪನಿ ಕೆನರಾ ಜಿಲ್ಲೆಗೆ ಸೇರಿಸಿತು. ಮಳೆಗಾಲ ಕಳೆದ ಮೇಲೆ ದ್ವೀಪದವರು ತೆಂಗಿನ ನಾರಿನ ಹುರಿಯನ್ನು ಓಡಂ ಎಂಬ ಹಾಯಿದೋಣಿಗಳಲ್ಲಿ ಹೇರಿಕೊಂಡು ಮಂಗಳೂರಿಗೆ ಬರುತ್ತಿದ್ದರು. ಹುರಿಯನ್ನು ಸರ್ಕಾರಕ್ಕೇ ಒಪ್ಪಿಸಿ, ಬದಲಿಗೆ ಅಕ್ಕಿ ಒಯ್ಯಬೇಕಿತ್ತು. ಆ ಓಡಂಗಳ ಹಲಗೆಗಳನ್ನೂ ಮೊಳೆಯಿಲ್ಲದೆ ಅದೇ ಹುರಿಯಿಂದ ಹೊಲಿಯುತ್ತಿದ್ದ ಕಾಲವಿತ್ತು. 1834ರಲ್ಲಿ ಚಿಕ್ಕವೀರರಾಜೇಂದ್ರನಿಂದ ಕಿತ್ತುಕೊಂಡ ಪುತ್ತೂರು, ಸುಳ್ಯ ಸೀಮೆಗಳನ್ನು ಸೇರಿಸಿದ್ದೂ ಇದೇ ಜಿಲ್ಲೆಗೆ. ಹೀಗೆ ಕೊಡಗಿನ ಅಡಿಕೆ ತೋಟಗಳೂ ಅರಬ್ಬಿ ಸಮುದ್ರದ ಹವಳದ ದ್ವೀಪಗಳೂ ಒಬ್ಬನೇ ಕಲೆಕ್ಟರನ ಕೈಕೆಳಗಿದ್ದವು. ಅಮೀನದಿವಿಗಳು ಮಂಗಳೂರಿನಿಂದ ಬೇರೆಯಾದದ್ದು 1956ರ ನವೆಂಬರ್ 1ರಂದು.

ಸೂಯೆಜಿನಲ್ಲಿ ಇಳಿದ ಪ್ರಯಾಣಿಕರಿಗೆ ಮರುಭೂಮಿ ಕಾದಿರುತ್ತಿತ್ತು. ಕುದುರೆ, ಹೇಸರಗತ್ತೆ ಕಟ್ಟಿದ ಎರಡು ಚಕ್ರದ ಮುಚ್ಚಿದ ಗಾಡಿಯೊಂದರಲ್ಲಿ ಆರು ಜನರನ್ನು ತುರುಕುತ್ತಿದ್ದರು. ದಾರಿಯುದ್ದಕ್ಕೂ ಠಾಣೆಗಳಲ್ಲಿ ಕುದುರೆ ಬದಲಿಸುತ್ತ ಗಾಡಿಗಳು ಕೈರೋ ಸೇರುತ್ತಿದ್ದವು, ಸಾಮಾನು ಮತ್ತು ಅಂಚೆ ಒಂಟೆಗಳ ಮೇಲೆ ಹಿಂದಿನಿಂದ ಬರುತ್ತಿತ್ತು. ಅಲೆಕ್ಸಾಂಡ್ರಿಯಾ ಮತ್ತು ಕೈರೋ ನಡುವಿನ ರೈಲು ಇನ್ನೂ ಆಗದ ಕಾರಣ ಅಲ್ಲಿಂದ ನೈಲ್ ನದಿಯಲ್ಲಿ ದೋಣಿ, ಆಮೇಲೆ ಕಾಲುವೆ, ಕೊನೆಗೆ ಮೆಡಿಟರೇನಿಯನ್ ದಾಟಲು ಇನ್ನೊಂದು ಹಡಗು. ಎಲ್ಲ ಸೇರಿ ಕಲ್ಕತ್ತಾದಿಂದ ಇಂಗ್ಲೆಂಡಿಗೆ ಸುಮಾರು ಒಂದೂವರೆ ತಿಂಗಳ ಪಯಣ. ಭಾರತದಲ್ಲಿದ್ದ ಇಂಗ್ಲಿಷ್ ಅಧಿಕಾರಿಗಳು ತಮ್ಮ ಮಕ್ಕಳನ್ನು ಏಳೆಂಟನೆಯ ವಯಸ್ಸಿಗೇ ಓದಿಗೆಂದು ಈ ದಾರಿಯಲ್ಲಿ ಕಳಿಸುತ್ತಿದ್ದರು. ಅವರಿಗೆ ಅದು ಊರಿಗೆ ಹೋಗುವ ದಾರಿ. ಗೌರಮ್ಮನಿಗೆ ಆ ದಾರಿಯ ತುದಿಯಲ್ಲಿ ಬಂಧುಗಳಾಗಲಿ, ತನ್ನ ಭಾಷೆಯಾಡುವವರಾಗಲಿ ಇರಲಿಲ್ಲ.

1852ರ ಬೇಸಿಗೆಯಲ್ಲಿ ಲಂಡನ್ನಿನ ಪತ್ರಿಕೆಗಳಿಗೆ ಕೊಡಗಿನ ರಾಜ ಮತ್ತು ರಾಜಕುಮಾರಿ ದೊಡ್ಡ ಸುದ್ದಿ. ರಾಣಿ ವಿಕ್ಟೋರಿಯಾ ಹುಡುಗಿಯನ್ನು ಕಂಡು ಮೆಚ್ಚಿಕೊಂಡಳು. ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಜ್ಞಾನಸ್ನಾನ ನೆರವೇರಿಸಿದರು. ರಾಣಿಯೇ ಧರ್ಮಮಾತೆಯಾಗಿ ನಿಂತು ತನ್ನ ಹೆಸರನ್ನು ಕೊಟ್ಟಳು. ಅಂದಿನಿಂದ ಆಕೆ ವಿಕ್ಟೋರಿಯಾ ಗೌರಮ್ಮ. ತಂದೆ ಮಾತ್ರ ತನ್ನ ಧರ್ಮ ಬಿಡಲಿಲ್ಲ. ಅದೇ ವರ್ಷ ಆಸ್ಥಾನದ ಚಿತ್ರಕಾರ ಫ್ರಾಂಜ್ ವಿಂಟರ್‌ಹಾಲ್ಟರ್ ಹುಡುಗಿಯ ತೈಲಚಿತ್ರ ಬರೆದ, ಮುಂದೆ ಶಿಲ್ಪಿ ಮರೊಕೆಟ್ಟಿ ಅಮೃತಶಿಲೆಯ ಮುಖಶಿಲ್ಪ ಕೆತ್ತಿ ಅದಕ್ಕೆ ಬಣ್ಣ ಹಾಕಿದ. ಎರಡೂ ಇಂದಿಗೂ ಇಂಗ್ಲೆಂಡಿನ ರಾಜಮನೆತನದ ಸಂಗ್ರಹದಲ್ಲಿವೆ. ಚಿತ್ರಕ್ಕೆ ಕೂರಿಸಿದಾಗ ಹುಡುಗಿಗೆ ಭಾರತದ ಉಡುಗೆ ತೊಡುಗೆ. ದಿನದ ಬಾಳಿನಲ್ಲಿ ಅವಳು ಆಡಬೇಕಾದದ್ದು ಇಂಗ್ಲಿಷ್, ಬಾಳಬೇಕಾದದ್ದು ಇಂಗ್ಲಿಷ್ ಮನೆಯ ರೀತಿಯಲ್ಲಿ.

ಜ್ಞಾನಸ್ನಾನದ ನಂತರ ಮಗಳು ತಂದೆಯ ಮನೆಗೆ ಹಿಂದಿರುಗಲಿಲ್ಲ. ಬಂಗಾಳ ಸೈನ್ಯದ ಮೇಜರ್ ಡ್ರಮ್ಮಂಡ್ ದಂಪತಿಗಳ ವಶಕ್ಕೆ ಅವಳನ್ನು ಒಪ್ಪಿಸಲಾಯಿತು, ಅವರಿಂದ ಲೇಡಿ ಕ್ಯಾಥರೀನ್ ಹಾರ್ಕೋರ್ಟ್ ಅವರ ಮನೆಗೆ, ಆಮೇಲೆ ಸರ್ ಜಾನ್ ಲಾಗಿನ್ ದಂಪತಿಗಳ ಮನೆಗೆ ಅವಳು ಬದಲಾಗುತ್ತ ಹೋದಳು. ತಂದೆಯ ಪ್ರಭಾವ ಅವಳ ಹೊಸ ಧರ್ಮಕ್ಕೆ ಕೇಡೆಂದು ಪೋಷಕರು ಭಾವಿಸಿದ್ದರಿಂದ ಭೇಟಿಗಳಿಗೆ ಕಟ್ಟುಪಾಡು ಬಿತ್ತು. ಕಡಲುದ್ದಕ್ಕೂ ಜೊತೆಯಾಗಿ ಬಂದ ತಂದೆ ಮಗಳು ಒಂದೇ ದೇಶದಲ್ಲಿದ್ದೂ ಬೇರೆಯವರ ಅಪ್ಪಣೆ ಪಡೆದು ಒಬ್ಬರನ್ನೊಬ್ಬರು ನೋಡಬೇಕಾಯಿತು. ಇಡೀ ಚರಿತ್ರೆಯಲ್ಲಿ ಕ್ಷಮಿಸಲು ಅತ್ಯಂತ ಕಷ್ಟವಾದ ಭಾಗ ಇದು. ರಾಜ್ಯ ಕಳೆದುಕೊಂಡವನು ದುಷ್ಟನೇ ಇರಲಿ, 11 ವರ್ಷದ ಹುಡುಗಿಗೆ ಆ ದೇಶದಲ್ಲಿ ತನ್ನವರೆಂದು ಇದ್ದದ್ದು ಅವನೊಬ್ಬನೇ.

ಲಾಹೋರಿನ ಪದಚ್ಯುತ ಮಹಾರಾಜ ದುಲೀಪ್ ಸಿಂಗ್ 1854ರಲ್ಲಿ ಇಂಗ್ಲೆಂಡಿಗೆ ಬಂದ. ಅವನೂ ಕ್ರೈಸ್ತನಾಗಿದ್ದ, ಲಾಗಿನ್ ದಂಪತಿಗಳೇ ಅವನ ಪೋಷಕರು. ಈ ಇಬ್ಬರಿಗೂ ಮದುವೆಯಾದರೆ ಭಾರತದ ಮೊದಲ ಕ್ರೈಸ್ತ ರಾಜದಂಪತಿಗಳಾಗುತ್ತಾರೆಂಬುದು ರಾಣಿಯ ಆಸೆ. ದುಲೀಪ್ ಸಿಂಗ್ ಒಪ್ಪಲಿಲ್ಲ. ಗೌರಮ್ಮನ ಬೇಸರ, ಒಂಟಿತನ, ಪೋಷಕರೊಡನೆ ಅವಳ ತಿಕ್ಕಾಟ ಇವೆಲ್ಲ ಲೇಡಿ ಲಾಗಿನ್ ಅವರ ನೆನಪಿನ ಬರಹಗಳಿಂದ ತಿಳಿಯುತ್ತವೆ. ಅವು ಪೋಷಕಿಯ ಮಾತುಗಳು. ಹುಡುಗಿಯ ಹಟ ಎಂದು ಅಲ್ಲಿ ಬರೆದಿರುವುದನ್ನು ಮನೆಯಿಂದ ಮನೆಗೆ ಸಾಗಿಸಲ್ಪಟ್ಟ ಮಗುವಿನ ಸಂಕಟವೆಂದು ಓದುವುದೇ ನ್ಯಾಯ.

ತಂದೆಯ ದಾವೆ ಇತ್ತ ಚಾನ್ಸರಿ ನ್ಯಾಯಾಲಯದಲ್ಲಿ ತೆವಳುತ್ತಿತ್ತು. ಅನುಮತಿಯ ಒಂದು ವರ್ಷ ಮುಗಿದು ಹಿಂದಿರುಗಲು ಒತ್ತಾಯ ಬಂದರೂ ರಾಜ ಮೊಕದ್ದಮೆಯ ನೆಪ ಹೇಳಿ ಉಳಿದುಕೊಂಡ. 1858ರಲ್ಲಿ ಕಂಪನಿಯ ಆಡಳಿತವೇ ಕೊನೆಗೊಂಡಿತು, ದಾವೆ ಮಾತ್ರ ಕೊನೆಗೊಳ್ಳಲಿಲ್ಲ. 1859ರ ಸೆಪ್ಟೆಂಬರ್ 24ರಂದು ಚಿಕ್ಕವೀರರಾಜೇಂದ್ರ ಲಂಡನ್ನಿನಲ್ಲಿ ತೀರಿಕೊಂಡ. ದೊಡ್ಡಪ್ಪ ದೊಡ್ಡವೀರರಾಜೇಂದ್ರನಿಗೂ ತಂದೆ ಲಿಂಗರಾಜೇಂದ್ರನಿಗೂ ಮಡಿಕೇರಿಯ ಗದ್ದಿಗೆಯಲ್ಲಿ ಗುಮ್ಮಟದ ಸಮಾಧಿಗಳಿವೆ, ಇವನದು ಅಲ್ಲಿಲ್ಲ. ಮರುವರ್ಷ, 1860ರಲ್ಲಿ, ತೀರ್ಪು ಬಂತು. ಯುದ್ಧದಲ್ಲಿ ಗೆದ್ದ ಸಾರ್ವಭೌಮ ಶಕ್ತಿಯಾಗಿ ಕಂಪನಿ ಆ ಸಾಲಪತ್ರಗಳನ್ನು ವಶಪಡಿಸಿಕೊಂಡಿದೆ, ಅದು ರಾಜ್ಯದ ಕೃತ್ಯ, ಇದನ್ನು ವಿಚಾರಿಸುವ ಅಧಿಕಾರ ದೇಶದ ಸಾಮಾನ್ಯ ನ್ಯಾಯಾಲಯಕ್ಕಿಲ್ಲ ಎಂದು ಹೇಳಿ ನ್ಯಾಯಾಧೀಶ ಸರ್ ಜಾನ್ ರೊಮಿಲಿ ದಾವೆಯನ್ನು ವಜಾ ಮಾಡಿದರು. ಕೊಟ್ಟ ಸಾಲವನ್ನೇ ಯುದ್ಧದ ಕೊಳ್ಳೆಯೆಂದು ನುಂಗಬಹುದು ಎಂಬ ಈ ತೀರ್ಪು ತಂಜಾವೂರಿನ ರಾಣಿಯ ಪ್ರಕರಣದ ಜೊತೆಗೆ ಇಂದಿಗೂ ಕಾನೂನು ಪುಸ್ತಕಗಳಲ್ಲಿ ಉಲ್ಲೇಖವಾಗುತ್ತದೆ.

ಗೌರಮ್ಮನ ಮದುವೆ 1860ರಲ್ಲಿ ಲೇಡಿ ಲಾಗಿನ್ ಅವರ ಸಹೋದರನಾದ ಕರ್ನಲ್ ಜಾನ್ ಕ್ಯಾಂಪ್‌ಬೆಲ್ ಜೊತೆ ನಡೆಯಿತು. ಅವನು ವಯಸ್ಸಿನಲ್ಲಿ ತುಂಬ ಹಿರಿಯ, ಮೊದಲ ಹೆಂಡತಿಯನ್ನು ಕಳೆದುಕೊಂಡಿದ್ದವನು. 1861ರಲ್ಲಿ ಹುಟ್ಟಿದ ಮಗಳಿಗೆ ಈಡಿತ್ ವಿಕ್ಟೋರಿಯಾ ಗೌರಮ್ಮ ಎಂದು ಹೆಸರಿಟ್ಟರು. ಕ್ಷಯದಿಂದ ಬಳಲುತ್ತಿದ್ದ ಗೌರಮ್ಮ 1864ರ ವಸಂತದಲ್ಲಿ, ತನ್ನ 22ನೆಯ ವಯಸ್ಸಿನಲ್ಲಿ, ತೀರಿಕೊಂಡಳು. ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿ ಅವಳ ಸಮಾಧಿಯಿದೆ. ಕೆಲವು ವರ್ಷಗಳಲ್ಲಿ ಕ್ಯಾಂಪ್‌ಬೆಲ್ ಮನೆಯಿಂದ ಹೊರಟವನು ಕಾಣೆಯಾಗಿಹೋದ, ಅವನ ಸುಳಿವು ಮತ್ತೆ ಸಿಗಲಿಲ್ಲ. ತಾಯಿ ಸತ್ತಾಗ ಮೂರು ವರ್ಷವೂ ತುಂಬದ ಈಡಿತ್ ತಂದೆಯೂ ಇಲ್ಲದೆ ಬೆಳೆಯಬೇಕಾಯಿತು. ಮುಂದೆ ಅವಳು ಹೆನ್ರಿ ಯಾರ್ಡ್ಲಿ ಎಂಬವನನ್ನು ಮದುವೆಯಾದಳು, ಅವರಿಗೊಬ್ಬ ಮಗ ಹುಟ್ಟಿದ.

ಕೊಡಗಿನಲ್ಲಿ ಈ ಚರಿತ್ರೆ ನೂರು ವರ್ಷ ಹೆಚ್ಚುಕಡಿಮೆ ರಾಜನ ಕಥೆಯಾಗಿಯೇ ಉಳಿಯಿತು. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು 1956ರಲ್ಲಿ ಬರೆದ ‘ಚಿಕವೀರ ರಾಜೇಂದ್ರ’ ಕಾದಂಬರಿ ಕನ್ನಡದ ಓದುಗರೆಲ್ಲರಿಗೂ ಅವನನ್ನು ಪರಿಚಯಿಸಿತು. 1983ರ ಜ್ಞಾನಪೀಠ ಪ್ರಶಸ್ತಿ ಅವರಿಗೆ ಬಂದಾಗ ಹೆಸರು ಇನ್ನಷ್ಟು ಹರಡಿತು. ಕಾದಂಬರಿಯ ಹೃದಯ ಮಡಿಕೇರಿಯ ಅರಮನೆಯಲ್ಲಿದೆ, ಕಡಲಾಚೆಯ ಭಾಗ ಅದರ ಕೊನೆಯಲ್ಲಷ್ಟೇ ಬರುತ್ತದೆ. ಗೌರಮ್ಮನನ್ನೇ ನಡುವಿಗಿಟ್ಟು ಆಕೆಯ ಬದುಕನ್ನು ದಾಖಲೆಗಳಿಂದ ಕಟ್ಟಿಕೊಟ್ಟ ಪುಸ್ತಕ ಬಂದದ್ದು 2010ರಲ್ಲಿ, ಕೊಡಗಿನವರೇ ಆದ ಸಿ. ಪಿ. ಬೆಳ್ಳಿಯಪ್ಪ ಅವರಿಂದ, ಇಂಗ್ಲಿಷಿನಲ್ಲಿ.